ಅಮ್ಮನ ಹಲ್ಲಿನ ಯುಕುಲೇಲಿ

ಕೃತಕ ಹಲ್ಲಿನ ಸೆಟ್ ಮಾಡುವುದು ನಮ್ಮ ಭಾವನ ಕಸುಬು. ಹಳೆಯ ಸಾಮಾನಿನ ಅಂಗಡಿಯಿಂದ ಅವರೊಂದು ಬ್ಯಾರಿಟೋನ್ ಯುಕುಲೇಲಿ ತಂದರು. ಗಿಟಾರಿನ ತಮ್ಮನಂಥ ನಾಲ್ಕು ತಂತಿಯ ವಾದ್ಯ. ಬಿರುಕಿಗೆ ಅಂಟು ಹಾಕಿ, ಮೈಗೆ ಮೆರುಗು ಕೊಟ್ಟರು. ತಂತಿಗಳನ್ನು ಎತ್ತಿ ಹಿಡಿಯುವ ಪಟ್ಟಿ ಮಾತ್ರ ಮುರಿದುಹೋಗಿತ್ತು. ಆಗ, "ಕಚ್ಚುತ್ತೆ" ಎಂದು ನಮ್ಮಮ್ಮ ವಾಪಸು ಕೊಟ್ಟಿದ್ದ ಹಲ್ಲು ಸೆಟ್ ಅವರ ಕಣ್ಣಿಗೆ ಬಿತ್ತು. ಅದರ ಮುಂದಿನ ಸಾಲನ್ನು ಕತ್ತರಿಸಿ ಕೂರಿಸಿದರು. ತಂತಿಗಳು ಹಲ್ಲಿನ ಸಂದಿಯಲ್ಲಿ ಹೇಳಿ ಮಾಡಿಸಿದಂತೆ ಕೂತವು.

ಭಾವ ನುಡಿಸುತ್ತಿದ್ದಾಗ ಅಮ್ಮ ಬಗ್ಗಿ ನೋಡಿದಳು. "ಅಳಿಯಂದ್ರೇ, ಇದು ನನ್ನ ಹಲ್ಲಲ್ವಾ?"

ಭಾವ ಮೀಟುವುದನ್ನು ನಿಲ್ಲಿಸಿದರು. "ಹೌದು ಅತ್ತೆ. ತಪ್ಪಾಯ್ತು."

"ತಪ್ಪೇನು ಬಂತು? ನನ್ನ ಬಾಯಲ್ಲಿ ಒಂದಿನಾನೂ ನೆಟ್ಟಗೆ ಕೂರಲಿಲ್ಲ. ನುಡಿಸಿ."

ಈಗ ಮನೆಗೆ ಯಾರೇ ಬರಲಿ, ಅಮ್ಮ ಭಾವನ ಪಕ್ಕದಲ್ಲೇ ಕೂತು ಹೇಳುತ್ತಾಳೆ: "ಹಾಡ್ತಿರೋದು ನಾನು. ಅವರು ಬರೀ ತಂತಿ ಮೀಟ್ತಾರೆ."