ಮಣ್ಣೆತ್ತಿನ ಸಾಲಿನಲ್ಲಿ ನಿಂತ ಪೋಲೆಂಡ್ ಟ್ಯಾಂಕು

ಹತ್ತೊಂಬತ್ತನೆಯ ವಯಸ್ಸಿಗೆ ನನ್ನ ಬೆನ್ನೆಲುಬಿಗೆ ಕ್ಷಯ ತಗುಲಿತು. ಕಂಕುಳಿನಿಂದ ಸೊಂಟದ ಕೆಳಗಿನವರೆಗೆ ಪ್ಲಾಸ್ಟರ್ ಹಾಕಿ, ಅಂಗಾತ ಮಲಗಿಸಿ, ಏಳಬಾರದು ಎಂದು ಹೇಳಿ ಡಾಕ್ಟರು ಕೈತೊಳೆದುಕೊಂಡರು. ಹಾನಗಲ್ಲಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದವನು ಆಡೂರಿನ ಹತ್ತಿರದ ನಮ್ಮ ಹಳ್ಳಿಯ ಮನೆಯಲ್ಲಿ, ಪಡಸಾಲೆಯ ಹಲಗೆ ಮಂಚದ ಮೇಲೆ ಬಿದ್ದುಕೊಂಡೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಕೆಲಸವಿಲ್ಲದವನನ್ನು ಜಂತಿ ಎಣಿಸುತ್ತಾನೆ ಎಂದು ಮಂದಿ ಆಡಿಕೊಳ್ಳುತ್ತಾರಲ್ಲ, ನಾನು ನಿಜಕ್ಕೂ ಎಣಿಸಿದೆ, ಮತ್ತೆ ಮತ್ತೆ ಎಣಿಸಿದೆ.

ನೋಡಲು ಬಂದವರ ಕಾಟ ಬೇರೆ. ಇದೇ ರೋಗದಿಂದ ಸತ್ತ ಯಾರದಾದರೂ ಒಬ್ಬರ ಕಥೆ ಹೇಳದೆ ಅವರಿಗೆ ನಮ್ಮ ಮನೆಯ ಚಹಾ ಇಳಿಯುತ್ತಿರಲಿಲ್ಲ. ಅವರು ಹೋದ ಮೇಲೆ ನಾನು ಅವ್ವನ ಮೇಲೆ ಹರಿಹಾಯುತ್ತಿದ್ದೆ. "ನನಗ ಒಂದಿಷ್ಟು ವಿಷಾ ಕೊಟ್ಟ ಬಿಡಬೇ, ನಿನಗೂ ಬಿಡುಗಡಿ, ನನಗೂ ಬಿಡುಗಡಿ" ಎನ್ನುತ್ತಿದ್ದೆ. ಸುಮ್ಮನೆ ಬಾಯಿಮಾತಿಗೆ ಅಂದದ್ದಲ್ಲ. ಸತ್ತರೆ ಸಾಕು ಎಂದು ಆಗ ನನಗೆ ಮನಸಾರೆ ಅನ್ನಿಸುತ್ತಿತ್ತು. ಅವ್ವ ನನ್ನ ಕಾಲು ಒತ್ತುತ್ತ ಕೂರುತ್ತಿದ್ದಳು.

ಅಪ್ಪನ ತಮ್ಮ, ನಮ್ಮ ಕಾಕಾ, ಹುಬ್ಬಳ್ಳಿಯಲ್ಲಿ ಟ್ರ್ಯಾಕ್ಟರ್ ಮಾರುವ ಅಂಗಡಿಯೊಂದರಲ್ಲಿ ಮೆಕ್ಯಾನಿಕ್ ಆಗಿದ್ದ. ಆ ಟ್ರ್ಯಾಕ್ಟರುಗಳಿಗೆ ಪೋಲೆಂಡ್ ದೇಶದ ನಂಟು. ಅಲ್ಲಿಂದ ಬಂದುಹೋಗುತ್ತಿದ್ದ ಎಂಜಿನಿಯರ್ ಒಬ್ಬ ನನ್ನ ವಿಷಯ ಕೇಳಿ ಮರುಗಿ, ಮುಂದಿನ ಸಲ ಬರುವಾಗ ನನಗೆಂದು ಎರಡು ರಟ್ಟಿನ ಪೆಟ್ಟಿಗೆ ತಂದುಕೊಟ್ಟನಂತೆ. ಕಾಕಾ ಅವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಶಿಗ್ಗಾವಿ ಮೇಲಿನ ಬಸ್ಸಿನಲ್ಲಿ ಬಂದ. ಒಳಗೆ ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳು, ಅವಕ್ಕೆ ಅಂಟಿಕೊಂಡ ನೂರಾರು ಚೂರುಗಳು. ಅವನ್ನು ಕತ್ತರಿಸಿ ಜೋಡಿಸಿದರೆ ಪುಟ್ಟ ಯುದ್ಧದ ಟ್ಯಾಂಕು ಆಗುತ್ತದೆ.

"ಮಹಾಯುದ್ಧ ಚಾಲೂ ಆದಾಗ ಜರ್ಮನ್ರು ಮೊದಲ ಇವರ ಮ್ಯಾಲೆ ಏರಿ ಬಂದ್ರು. ಆವಾಗ ಇವರ ಕಡೆ ಇದ್ದ ಟ್ಯಾಂಕ್ ಇವು" ಎಂದ ಕಾಕಾ. "ಮಾಡಿ ನೋಡು. ಕೈ ಅಂತೂ ಆಡ್ತಾವಲ್ಲ ನಿನಗ."

"ಗೆದ್ರೇನು ಅವರು?" ಎಂದು ಕೇಳಿದೆ.

"ಎಲ್ಲಿ ಗೆಲ್ತಾರ. ಒಂದ ತಿಂಗಳದಾಗ ದೇಶಾನ ಹೋತು."

ಹುಡುಕಿ ಹುಡುಕಿ ಸೋತವರ ಟ್ಯಾಂಕನ್ನೇ ನನಗೆ ತಂದಿದ್ದಾನೆಂದು ಸಿಟ್ಟು ಬಂತು. ಆದರೂ ಅವನು ಹೋದ ಮೇಲೆ ಪೆಟ್ಟಿಗೆ ತೆಗೆದು ನೋಡಿದೆ. ಚಿಕ್ಕ ಪೆಟ್ಟಿಗೆಯಲ್ಲಿದ್ದುದಕ್ಕೆ ತಿರುಗುವ ತಲೆಯೇ ಇಲ್ಲ. ಮಾಡಿ ಮುಗಿಸಿದರೂ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದು, ಅಷ್ಟೆ. ನಿಜವಾದ ಗಾಡಿಯೊಳಗೂ ಇಬ್ಬರೇ ಸೈನಿಕರು ತೊಡೆಗೆ ತೊಡೆ ಒತ್ತಿ ಕೂತು, ಒಂದೇ ಒಂದು ಮಶೀನ್‌ಗನ್ ಹಿಡಿದು ಹೋಗಬೇಕಿತ್ತಂತೆ. ಒಳಗೆ ಹೊರಳಲೂ ಜಾಗವಿಲ್ಲ. ಪ್ಲಾಸ್ಟರಿನೊಳಗಿದ್ದ ನನಗೆ ಆ ಇಬ್ಬರ ಪಾಡು ಚೆನ್ನಾಗಿ ಅರ್ಥವಾಯಿತು. ಇನ್ನೊಂದು ದೊಡ್ಡದು, ಅದರ ಪೆಟ್ಟಿಗೆಯ ಮೇಲೆ 7ಟಿಪಿ ಎಂದು ಬರೆದಿತ್ತು. ಅದಕ್ಕೆ ತಿರುಗುವ ತಲೆ, ತೋಪು, ಎರಡೂ ಕಡೆ ಸಾಲುಸಾಲು ಚಕ್ರ. ಮಾಡುವ ಬಗೆಯೆಲ್ಲ ಪೋಲಿಷ್ ಭಾಷೆಯಲ್ಲಿತ್ತು. ಚಿತ್ರ ನೋಡಿ ತಿಳಿದುಕೊಳ್ಳಬೇಕು.

ಮೊದಲ ದಿನವೇ ಎಡವಿದೆ. ಪೆಟ್ಟಿಗೆಯಲ್ಲಿದ್ದ ಅಂಟಿನ ಟ್ಯೂಬು ಒಣಗಿ ಕಲ್ಲಾಗಿತ್ತು. ಲಕೋಟೆಗೆ ಹಚ್ಚುವ ಗೋಂದು, ಬಡಿಗೇರನ ಮರವಜ್ರ, ಏನು ಹಚ್ಚಿದರೂ ಪ್ಲಾಸ್ಟಿಕ್ ಹಿಡಿಯಲಿಲ್ಲ. ನನಗೆ ಸ್ಟ್ರೆಪ್ಟೋಮೈಸಿನ್ ಇಂಜೆಕ್ಷನ್ ಕೊಡಲು ಸೈಕಲ್ಲಿನ ಮೇಲೆ ಬರುತ್ತಿದ್ದ ಕಂಪೌಂಡರ್ ನನ್ನ ಪೇಚಾಟ ನೋಡಿ, ಸಣ್ಣ ಸೀಸೆಯಲ್ಲಿ ಒಂದಿಷ್ಟು ಕ್ಲೋರೋಫಾರ್ಮ್ ತಂದುಕೊಟ್ಟ. "ಪ್ಲಾಸ್ಟಿಕ್ ಕರಗಿಸ್ತೈತಿ ಇದು. ಚೂರ ಹಚ್ಚಿ ಒತ್ತಿ ಹಿಡೀರಿ, ಹತ್ಕೋತೈತಿ" ಎಂದ. ನನಗೋ ತಾಳ್ಮೆಯಿಲ್ಲ. ಅತ್ತರಿನಂತೆ ಅದರಲ್ಲಿ ಹತ್ತಿ ಅದ್ದಿ ಧಾರಾಳವಾಗಿ ಸವರಿದೆ. ಚಿಕ್ಕ ಟ್ಯಾಂಕು ಬಿಸಿಲಿಗಿಟ್ಟ ಬೆಲ್ಲದಂತೆ ಜಿಗುಟಾಗಿ ನನ್ನ ಕೈಯಲ್ಲೇ ಕುಸಿಯಿತು.

ಅವತ್ತು ನಾನು ಅತ್ತಷ್ಟು ಡಾಕ್ಟರು ರೋಗದ ಹೆಸರು ಹೇಳಿದಾಗಲೂ ಅತ್ತಿರಲಿಲ್ಲ. ಮಲಗಿದಲ್ಲೇ ಮಾಡುವಂಥ ಒಂದೇ ಒಂದು ಕೆಲಸ ಸಿಕ್ಕಿತ್ತು, ಅದನ್ನೂ ಹಾಳು ಮಾಡಿದ್ದೆ. ಅವ್ವ ನನ್ನ ಬೆರಳಿಗೆ ಮೆತ್ತಿದ್ದ ಪ್ಲಾಸ್ಟಿಕ್ಕನ್ನು ಕೊಬ್ಬರಿ ಎಣ್ಣೆ ಹಚ್ಚಿ ಬಿಡಿಸುತ್ತ, "ಇನ್ನೊಂದ ಐತಲ್ಲ, ಅದನ್ನರ ಸಾವಕಾಶ ಮಾಡು" ಎಂದಳು.

ಮಾಡಿದೆ. ಎದೆಯ ಮೇಲೆ ಪಾಟಿ ಇಟ್ಟುಕೊಂಡು, ಹೊಲಿಗೆ ಸೂಜಿಯ ತುದಿಯಲ್ಲಿ ಹನಿ ಹನಿ ಕ್ಲೋರೋಫಾರ್ಮ್ ತಾಗಿಸುತ್ತ ಮಾಡಿದೆ. ಚೂರು ಕೆಳಗೆ ಬಿದ್ದರೆ ನನಗೆ ಬಗ್ಗಲು ಆಗದು. ಅವ್ವ ಬಂದು ಪಡಸಾಲೆ ಗುಡಿಸಿ, ಕಸವನ್ನೆಲ್ಲ ಹಿಟ್ಟಿನ ಸಾಣಿಗೆಯಲ್ಲಿ ಹಾಕಿ ಜಾಲಿಸಿ, ಜೋಳದ ಕಾಳಿನಷ್ಟು ಚಕ್ರವನ್ನು ಹುಡುಕಿ ಕೊಡುತ್ತಿದ್ದಳು. ಶಿಗ್ಗಾವಿಯಲ್ಲಿ ಬೋರ್ಡು ಬರೆಯುವವನಿಂದ ಅಪ್ಪ ಹಸಿರು, ಕಂದು, ಹಳದಿ ಬಣ್ಣ ತಂದ. ಖಾಲಿಯಾದ ಇಂಜೆಕ್ಷನ್ ಸೀಸೆಗಳಲ್ಲಿ ಅವನ್ನು ತುಂಬಿ ರಬ್ಬರ್ ಬಿರಡೆ ಹಾಕಿಟ್ಟೆವು. ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ಮೂರು ಬಣ್ಣದ ಪಟ್ಟೆ ಬಳಿದೆ. ಚಕ್ರ ಕೂರಿಸುವಾಗ ನನಗೊಂದು ಬೆನ್ನು ಇದೆ ಎನ್ನುವುದೇ ಮರೆತುಹೋಗುತ್ತಿತ್ತು. ಅವ್ವನ ಹತ್ತಿರ ವಿಷ ಕೇಳುವುದನ್ನು ಯಾವಾಗಲೋ ಬಿಟ್ಟಿದ್ದೆ. ನನಗದು ಗೊತ್ತಾಗಿರಲಿಲ್ಲ, ಅವ್ವನಿಗೆ ಗೊತ್ತಾಗಿತ್ತು.

ಟ್ಯಾಂಕು ಮುಗಿಯುವ ಹೊತ್ತಿಗೆ ಬಲಗಾಲಿನಲ್ಲಿ ಜೋಮು ಶುರುವಾಯಿತು. ಕಂಪೌಂಡರ್ ಪಾದ ಮುಟ್ಟಿ ನೋಡಿ ಮುಖ ಬೇರೆ ಕಡೆ ತಿರುಗಿಸಿದ. ಅಮಾವಾಸ್ಯೆ ಕಳೆದ ಮೇಲೆ ಹುಬ್ಬಳ್ಳಿಗೆ ಕರೆದೊಯ್ದು ಎಕ್ಸ್‌ರೇ ತೆಗೆಸುವುದೆಂದು ನಿಶ್ಚಯವಾಯಿತು. ರೋಗ ಮುಂದುವರಿದಿದ್ದರೆ ಎರಡೂ ಕಾಲು ಹೋಗಬಹುದು, ಮುಂದಿನದು ಹೇಳಲಾಗದು ಎಂದು ಡಾಕ್ಟರು ಅಪ್ಪನಿಗೆ ಹೇಳಿದ್ದರು. ಅಪ್ಪ ಅವ್ವನಿಗೆ ಹೇಳಿದ, ನಾನು ಮಲಗಿದಲ್ಲಿಂದಲೇ ಕೇಳಿಸಿಕೊಂಡೆ. ಆ ದಿನಗಳಲ್ಲಿ ನಾನು ಕಣ್ಣು ಬಿಟ್ಟ ತಕ್ಷಣ ನೋಡುತ್ತಿದ್ದುದು ತಲೆದಿಂಬಿನ ಪಕ್ಕದ ಗೂಡಿನಲ್ಲಿಟ್ಟಿದ್ದ ಟ್ಯಾಂಕನ್ನು. ಅದು ಅಲ್ಲಿದ್ದರೆ ನಾನೂ ಇದ್ದೇನೆ ಅನ್ನಿಸುತ್ತಿತ್ತು.

ಮುಂಗಾರು ಹಿಡಿದ ಮೇಲೆ ಬರುವುದು ಮಣ್ಣೆತ್ತಿನ ಅಮಾವಾಸ್ಯೆ. ಅವತ್ತು ಮನೆಮನೆಯಲ್ಲಿ ಮಣ್ಣಿನ ಎತ್ತು ಮಾಡಿ ಪೂಜೆ ಮಾಡುತ್ತಾರೆ. ನಮ್ಮ ಮನೆಯ ಪದ್ಧತಿಯಲ್ಲಿ ಮರುದಿನ ಅವನ್ನು ಕೆರೆಗೆ ಬಿಡಬೇಕು. ಅವ್ವ ಕೆರೆಯ ಮಣ್ಣು ತಂದು ನಾದಿ ನನ್ನ ಪಾಟಿಯ ಮೇಲಿಟ್ಟಳು. ಮಲಗಿದಲ್ಲೇ ಒಂದು ಜೋಡಿ ಎತ್ತು ಮಾಡಿದೆ, ಕೋಡಿಗೆ ಜೋಳದ ಕಾಳು ಚುಚ್ಚಿದೆ. ಪೂಜೆಗೆ ಎತ್ತುಗಳನ್ನು ಮಣೆಯ ಮೇಲಿಟ್ಟವಳು ಗೂಡಿನ ಕಡೆ ನೋಡಿದಳು. "ಒಂದ ವರ್ಷ ನನ್ನ ಮಗನ್ನ ಹಿಡದ ನಿಲ್ಲಿಸೇತಿ ಇದು. ಇದೂ ಎತ್ತಿನಂಗನ" ಎಂದು ಟ್ಯಾಂಕನ್ನೂ ತಂದು ಪಕ್ಕದಲ್ಲಿ ನಿಲ್ಲಿಸಿ, ವಿಭೂತಿ ಬಳಿದು, ಕುಂಕುಮ ಹಚ್ಚಿ, ಕಡಬು ಎಡೆ ಹಿಡಿದಳು. ನಾನು ನಕ್ಕೆ. "ಜರ್ಮನ್ರು ನೋಡಿದ್ರ ಓಡಿ ಹೋಗ್ತಾರ ನೋಡಬೇ" ಎಂದೆ. ಅವಳೂ ನಕ್ಕಳು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

ಮರುದಿನ ಊಟ ಮಾಡಿ ಕಣ್ಣು ಮುಚ್ಚಿದವನು ಎಚ್ಚರಾಗಿ ನೋಡಿದರೆ ಮಣೆಯೂ ಬರಿದು, ಗೂಡೂ ಬರಿದು.

"ನನ್ನ ಟ್ಯಾಂಕ್ ಎಲ್ಲಿ?"

ಅವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಎತ್ತಿನ ಸಂಗಾಟ ಕೆರಿಗೆ ಬಿಟ್ಟನೋ" ಎಂದಳು. "ಪೂಜಾ ಮಾಡೇವಿ. ಮಾಡಿದ್ದನ್ನ ಮನ್ಯಾಗ ಇಟ್ಕೊಬಾರದು. ನನಗ ಮೊದಲ ಹೊಳೀಲಿಲ್ಲ, ಕೈ ಮುಗದ ಮ್ಯಾಲೆ ಹೊಳೀತು."

ನಾನು ಏನೇನು ಅಂದೆನೋ. ನನ್ನ ಕಾಲು ಕಿತ್ತು ಕೆರೆಗೆ ಹಾಕಿದ್ದರೂ ಇಷ್ಟು ನೋಯುತ್ತಿರಲಿಲ್ಲ ಎಂದೆ. ನೀನು ಮೂಢೆ, ನೀನೇ ನನ್ನನ್ನು ಕೊಲ್ಲುವವಳು ಎಂದೆ. ಅವತ್ತು ಸಂಜೆಯಿಂದ ಊಟ ಬಿಟ್ಟೆ. ಮರುದಿನ ಕಂಪೌಂಡರ್ ಬಂದರೆ ತೋಳು ಕೊಡಲಿಲ್ಲ. ಅದರ ಮರುದಿನವೂ ಕೊಡಲಿಲ್ಲ. "ಹಿಂಗ ತಪ್ಪಿಸಿದ್ರ ಇಷ್ಟ ದಿನಾ ಕೊಟ್ಟದ್ದೆಲ್ಲಾ ನೀರಾಗ ಹೋಮಾ ಮಾಡಿದಂಗ ನೋಡ್ರಿ" ಎಂದು ಅವ್ವನಿಗೆ ಹೇಳಿ ಅವನು ಸೈಕಲ್ ಹತ್ತಿದ.

ಅವ್ವ ನನ್ನ ಮಂಚದ ಹತ್ತಿರ ನೆಲಕ್ಕೆ ಕೂತಳು.

"ನಿನಗಿಂತ ಮೊದಲ ಒಬ್ಬಾಂವ ಇದ್ದ, ಗೊತ್ತೈತಿ ನಿನಗ" ಎಂದಳು. ಗೊತ್ತಿತ್ತು. ಮೂರು ವರ್ಷದವನಿದ್ದಾಗ ತೀರಿಕೊಂಡ ಅಣ್ಣ. ಅವನ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. "ಪೂಜಾ ಮಾಡಿದ ಎತ್ತು ಬೇಕಂತ ಅಳಾಕತ್ತಿದ್ದ. ಕೂಸು, ಅಳಲಿ ಅಂತ ಹೆಂಗ ಬಿಡ್ಲಿ. ನಿಮ್ಮಪ್ಪಗ ಕಾಣದಂಗ ಒಂದ ಎತ್ತು ಒಳಗ ಇಟ್ಟೆ. ಅದನ್ನ ಹಿಡ್ಕೊಂಡ ಮಲಗ್ತಿದ್ದ. ಶ್ರಾವಣ ಬರೂದ್ರಾಗ ಹೋದ. ನಾ ಇದನ್ನ ಯಾರಿಗೂ ಹೇಳಿಲ್ಲ. ನಿಮ್ಮಪ್ಪಗೂ ಹೇಳಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. "ನಿಂದು ಮುಳುಗವಲ್ದಾಗಿತ್ತು. ತೇಲಾಕತ್ತಿತ್ತು. ಕೈಲೆ ಒತ್ತಿ ಹಿಡದೆ. ಅದೂ ಒಂದ ಜೀವ ಅನ್ನೂವಂಗ ಗುಳುಗುಳು ಅಂತು."

ನಾನು ಗೋಡೆಯ ಕಡೆ ಮುಖ ಮಾಡಿಕೊಂಡು, "ಹಂಗಾರ ಸೂಜಿನೂ ಬ್ಯಾಡ ನನಗ" ಎಂದೆ.

ಅವಳು ಎದ್ದು ಹೊರಗೆ ಹೋದಳು. ತಿರುಗಿ ಬಂದಾಗ ಮಳೆಯ ಹೊತ್ತಿನ ಮಂಕು ಬೆಳಕಿತ್ತು. ಎದೆಯವರೆಗೆ ಸೀರೆ ತೊಯ್ದಿತ್ತು, ಮೊಣಕೈವರೆಗೆ ಕೆಸರು. ಬಾಗಿಲ ಹೊಸ್ತಿಲ ಆಚೆ ನಿಂತಳು, ಒಳಗೆ ಬರಲಿಲ್ಲ. ಎರಡೂ ಕೈಯಲ್ಲಿ ಟ್ಯಾಂಕು ಹಿಡಿದಿದ್ದಳು. ಒಂದು ಕಡೆಯ ಚಕ್ರದ ಪಟ್ಟಿ ಹೋಗಿತ್ತು, ಉಳಿದದ್ದೆಲ್ಲ ನೆಟ್ಟಗಿತ್ತು. ನಾನು ಬಳಿದ ಹಸಿರು, ಕಂದು ಪಟ್ಟೆಗಳು ನೀರಿನಲ್ಲಿ ತೊಯ್ದು ಮೊದಲಿಗಿಂತ ಚಂದ ಕಾಣುತ್ತಿದ್ದವು.

"ಸಿಕ್ತು" ಎಂದಳು. ಹಲ್ಲು ಕಟಕಟ ಅನ್ನುತ್ತಿದ್ದವು. "ನೀ ಉಣ್ತೇನಿ, ಸೂಜಿ ಮಾಡಿಸ್ಕೊತೇನಿ ಅಂದ್ರ ಒಳಗ ತರ್ತೇನಿ. ನೀ ಹೇಳು. ತರ್ಲೇನು?"

ನಾನು ವಿಜ್ಞಾನ ಓದಿದವನು. ಅಣ್ಣ ಹೋದದ್ದು ವಾಂತಿಭೇದಿಯಿಂದಲೋ ಗಂಟಲುಮಾರಿಯಿಂದಲೋ ಇರಬೇಕು, ಮಣ್ಣಿನ ಎತ್ತಿನಿಂದಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಬೆನ್ನು ತಿನ್ನುತ್ತಿದ್ದ ಕ್ರಿಮಿಯ ಹೆಸರು ಗೊತ್ತಿತ್ತು, ಅದನ್ನು ಕೊಲ್ಲುವ ಔಷಧದ ಹೆಸರೂ ಗೊತ್ತಿತ್ತು. ತಾ ಎಂದು ಒಂದೇ ಅಕ್ಷರ ಅಂದರೆ ಸಾಕಿತ್ತು. ಬಲಗಾಲಿನ ಬೆರಳುಗಳನ್ನು ಆಡಿಸಲು ನೋಡಿದೆ, ಆಡಿದವೋ ಇಲ್ಲವೋ ತಿಳಿಯಲಿಲ್ಲ. ಅವ್ವ ಮಳೆಯಲ್ಲಿ ನಿಂತೇ ಇದ್ದಳು.

"ಬ್ಯಾಡಬೇ" ಎಂದೆ. "ಬಿಟ್ಟ ಬಾ."

ಅವಳು ತಿರುಗಿ ಅಂಗಳ ದಾಟುವಷ್ಟರಲ್ಲಿ ಮತ್ತೆ ಕೂಗಿ ಹೇಳಿದೆ.

"ಯವ್ವಾ, ನಡುನೀರಾಗ ಬಿಡು. ದಂಡಿಗೆ ಬರಬಾರ್ದು ಅದು."