ಮೊದಲು ರಸ, ಆಮೇಲೆ ವಿಷ

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಸಿಪ್ಪೆಯಮ್ಮ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷ ದಾಳಿಂಬೆ ಸಿಪ್ಪೆ ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದ ಕೈ; ಬೆರಳ ಸಂದಿಯ ಕಪ್ಪು ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಆ ಪುಡಿಯಿಂದ ತೆಗೆದ ರಸವನ್ನು ಗಾಜಿನ ತಟ್ಟೆಗಳಲ್ಲಿ ಸಾಕಿದ ಮಿದುಳಿನ ಜೀವಕೋಶಗಳಿಗೆ ಹಾಕುತ್ತಿದ್ದರು. ಕಬ್ಬಿಣಕ್ಕೆ ತುಕ್ಕು ಹಿಡಿಯುವ ಹಾಗೆ ಕೋಶಕ್ಕೂ ಹಿಡಿಯುತ್ತದೆ, ಸಿಪ್ಪೆಯಲ್ಲಿರುವ ಉತ್ಕರ್ಷಣ ನಿರೋಧಕ ಅದನ್ನು ತಡೆಯುತ್ತದೆ ಎಂದು ಸಂಶೋಧನೆಯ ಮೇಡಂ ಒಮ್ಮೆ ಬಿಡಿಸಿ ಹೇಳಿ, ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದಳು. ಕೋಶಗಳು ಬೇರು ಬಿಟ್ಟ ಮೊಳಕೆಗಳಂತೆ ಒಂದರತ್ತ ಒಂದು ಕೈಚಾಚಿದ್ದವು. ಸಿಪ್ಪೆಯಮ್ಮ ನೆನೆದದ್ದು ಗಂಡನ ತಲೆಯನ್ನು.

ಗಂಡ ದರ್ಜಿ. ಬೀದಿಯ ಅರ್ಧ ಜನರ ಭುಜದಳತೆ ಅವನ ನಾಲಗೆಯ ತುದಿಯಲ್ಲೇ ಇರುತ್ತಿತ್ತು. ಒಂದು ದಿನ ಅಂಗಿಯ ಎರಡೂ ಕಡೆಗೆ ಕಾಜಾ ಹೊಲಿದು, ಗುಂಡಿ ಎಲ್ಲಿ ಹೋಯಿತೆಂದು ಗಿರಾಕಿಯ ಮೇಲೇ ರೇಗಿದ. ಅಲ್ಲಿಂದ ಇಳಿಜಾರು. ಮಗಳ ಹೆಸರು ಹೋಯಿತು. ಉಳಿದವಳು ತಾನೊಬ್ಬಳೇ, ತನ್ನನ್ನಾದರೂ ಮರೆಯದಿರಲಿ ಎಂದು ಸಿಪ್ಪೆಯಮ್ಮ ಟೊಂಕ ಕಟ್ಟಿ ನಿಂತಳು.

ಪ್ರಯೋಗಾಲಯದಲ್ಲಿ ಯಾರಿಗೂ ಬಾಯಿ ಬಿಡದೆ ಅಲ್ಲಿಂದ ಸಿಪ್ಪೆ ತಂದು, ದಿನಾ ಬೆಳಿಗ್ಗೆ ಕುದಿಸಿ ಕಾಲು ಭಾಗಕ್ಕಿಳಿಸಿ, ಬಟ್ಟಲ ತುಂಬ ಕುಡಿಸಿದಳು. ಅವನು ಹಲ್ಲು ಕಚ್ಚಿದರೆ ಮೂಗು ಹಿಡಿದಳು.

"ನೆನಪು ಬರ್ಲಿ ಅಂತ ಕುಡಿಸ್ತೀಯೋ, ಹಳೇ ಸೇಡು ತೀರಿಸ್ಕೋತೀಯೋ?" ಎಂದಳು ಪಕ್ಕದ ಮನೆಯ ಅಕ್ಕ.

ಎರಡೂ ಇರಲಿ ಎಂದು ಸಿಪ್ಪೆಯಮ್ಮ ನಕ್ಕಳು.

ಎಂಟು ತಿಂಗಳಾದರೂ ಚಿಗುರುವ ಸುಳಿವಿಲ್ಲ. ಕೊನೆಗೆ ಮೇಡಂ ಎದುರು ಎಲ್ಲ ಒಪ್ಪಿಕೊಂಡಳು. ಮೇಡಂ ಬೈಯಲಿಲ್ಲ, ಗೋಡೆಯ ಮೇಲಿನ ಪಟ್ಟಿಯತ್ತ ನೋಡಿದಳು. ಸೋಮವಾರ ಕೋಶಗಳಿಗೆ ರಸ, ಮಂಗಳವಾರ ತುಕ್ಕು ಹಿಡಿಸುವ ವಿಷ. ಆ ಕ್ರಮದಲ್ಲೇ ತಟ್ಟೆ ಜೋಡಿಸುತ್ತಿದ್ದವಳು ಸಿಪ್ಪೆಯಮ್ಮನೇ.

"ಮೊದ್ಲು ವಿಷ ಹಾಕಿ ಆಮೇಲೆ ರಸ ಕೊಟ್ಟಿದ್ದು ಯಾವತ್ತಾದ್ರೂ ನೋಡಿದೀರಾ?"

"ಇಲ್ಲ."

"ತಟ್ಟೇಲಿ ಅದು ಕಾಯತ್ತೆ ಅಷ್ಟೇ. ಸತ್ತಿದ್ದನ್ನ ಎಬ್ಬಿಸಲ್ಲ. ಮನುಷ್ಯರ ತಲೇಲೂ ಹಂಗೇ ಕಾಯತ್ತೆ ಅಂತ ನಾವ್ಯಾರೂ ಹೇಳಿಲ್ಲಮ್ಮ."

ಹನ್ನೊಂದು ವರ್ಷ ಕೈ ಅರಿತದ್ದನ್ನು ತಲೆ ಅರಿತಿರಲಿಲ್ಲ.

ಮರುದಿನ ಬೆಳಿಗ್ಗೆ ಒಲೆ ಹಚ್ಚಲಿಲ್ಲ. ಒಗೆದ ಅಂಗಿ ಹಿಡಿದು, ತೊಡಿಸಲೆಂದು ಗಂಡನ ಬಳಿ ಹೋದಳು. ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒತ್ತಿಕೊಂಡ.

"ಆ ಕಹಿ ಹೆಂಗಸು ಬಂದ್ಲು. ಒಳಗೆ ಬಿಡ್ಬೇಡ," ಎಂದ, ಪಕ್ಕದಲ್ಲಿದ್ದ ಮಗಳಿಗೆ.

ಮೂವತ್ತೆಂಟು ವರ್ಷದ ಸಂಸಾರ ಅಳಿಸಿಹೋಗಿತ್ತು. ಎಂಟು ತಿಂಗಳು ಮಾತ್ರ ಅಂಟಿಕೊಂಡಿತ್ತು. ಮಗಳು ಡಬ್ಬಿ ತೆರೆದು ನೋಡಿದಳು. ಸಿಪ್ಪೆ ಇನ್ನೂ ಇತ್ತು.

"ನೀನಾದ್ರೂ ಕುಡಿಯಮ್ಮ. ನಿನ್ನ ನೆನಪಾದ್ರೂ ಗಟ್ಟಿಯಾಗಿರ್ಲಿ."

"ಯಾವುದನ್ನ ನೆನಪಿಟ್ಕೊಳ್ಳಲಿ? ಈಗ ನಿಮ್ಮಪ್ಪ ಅಂದ್ರಲ್ಲ, ಅದನ್ನಾ?"

ಅಂಗಿಯನ್ನು ಮಗಳ ಕೈಗಿಟ್ಟು ಹೊಸಿಲಾಚೆ ಸರಿದಳು. ಅವಳು ಕಣ್ಮರೆಯಾದ ಮೇಲೇ ಅವನು ಅಂಗಿಗೆ ತೋಳು ಚಾಚಿದ್ದು.