ಇಲ್ಲದವರ ಹಾಜರಿ

ಕಳೆದ ಗುರುವಾರ ನಮ್ಮ ಟೈಮ್ ಆಫೀಸಿನ ಕಂಪ್ಯೂಟರಿನಲ್ಲಿ ಹದಿನೆಂಟು ಅಂತ ಒತ್ತಿ ಕ್ಯಾಂಟೀನಿಗೆ ಹೋದೆ. ಚಹಾ ಕುಡಿದೆ. ಪೇಪರು ತಿರುವಿದೆ. ಗೆಳೆಯನೊಬ್ಬನ ಮಗಳ ಮದುವೆ ಮಾತುಕತೆಯನ್ನು ಪೂರ್ತಿ ಕೇಳಿದೆ. ವಾಪಸ್ ಬಂದು ನೋಡಿದರೆ ಪರದೆಯ ಮೂಲೆಯಲ್ಲಿ ಇನ್ನೂ ಅದೇ 'ವೇಟ್'.

ಎಷ್ಟು ಅಂತ ಕಾಯುವುದು?

ಕಂಪ್ಯೂಟರ್ ನೋಡದವರಿಗೆ ಎರಡು ಮಾತು. ವಾಡಿ ಹತ್ತಿರದ ನಮ್ಮ ಸಿಮೆಂಟ್ ಫ್ಯಾಕ್ಟರಿಗೆ ಅದು ಬಂದು ಇನ್ನೂ ವರ್ಷವಾಗಿಲ್ಲ. ಟಿವಿಯಂಥ ಪೆಟ್ಟಿಗೆ, ಟೈಪ್‌ರೈಟರಿನಂಥ ಕೀಲಿಮಣೆ. ಅದರಲ್ಲಿ ಸ್ಪ್ರೆಡ್‌ಶೀಟ್ ಅಂತ ಒಂದು ಪ್ರೋಗ್ರಾಮ್. ಹಾಜರಿ ಬರೆಯುವ ಮಸ್ಟರ್ ಪುಸ್ತಕದ ಹಾಗೆ ಪರದೆ ತುಂಬ ಮನೆಗಳು. ಒಂದು ಮನೆಯಲ್ಲಿ ಅಂಕಿ ತುಂಬಿದರೆ ಸಾಕು, ಸಾಲಿನ ಮೊತ್ತವನ್ನು ಅದೇ ಹಾಕಿಕೊಳ್ಳುತ್ತದೆ. (ಅದಕ್ಕೆ ಎಸಿ ಕೋಣೆ. ನಾವು ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಮ್ಯಾನೇಜರ್ ಕೋಣೆಗೂ ನಾವು ಚಪ್ಪಲಿ ಬಿಡುವುದಿಲ್ಲ.)

ನಾನು ತುಂಬುತ್ತಿದ್ದದ್ದು ಬದಲಿ ಕೆಲಸಗಾರರ ಹಾಜರಿ. ಕಾಯಂ ಆಗದೆ, ಕರೆದಾಗ ಬಂದು ದುಡಿದವರು ಯಾವ ತಿಂಗಳಲ್ಲಿ ಎಷ್ಟು ದಿನ ಬಂದಿದ್ದರು ಅನ್ನುವ ಲೆಕ್ಕ. ಹೆಚ್ಚು ದಿನ ದುಡಿದವರನ್ನು ಮೊದಲು ಪರ್ಮನೆಂಟ್ ಮಾಡುವುದು ಅಂತ ತೀರ್ಮಾನವಾಗಿತ್ತು. ಶನಿವಾರ ಪಟ್ಟಿ ಕಮಿಟಿಯ ಮುಂದೆ ಹೋಗಬೇಕು. ಅಷ್ಟರೊಳಗೆ ಕಂಪ್ಯೂಟರ್ ಪಟ್ಟಿ ಬಾರದಿದ್ದರೆ? ಬದಲಿಯವರನ್ನು ಕರೆತರುವ ಗುತ್ತೇದಾರ ಬರೆದುಕೊಟ್ಟ ಪಟ್ಟಿಯನ್ನೇ ಇಡುತ್ತೇವೆ ಅಂತ ಮ್ಯಾನೇಜರ್ ಹೇಳಿಬಿಟ್ಟಿದ್ದರು.

ಗುತ್ತೇದಾರನ ಪಟ್ಟಿಯನ್ನು ನಾನು ನೋಡಿದ್ದೆ. ಅದರಲ್ಲಿ ಅವನ ಭಾವಮೈದುನ ಇದ್ದ. ನಾಗಮ್ಮ ಇರಲಿಲ್ಲ.

ನಾಗಮ್ಮ ಮುಧೋಳ ಕಡೆಯ ಹೆಣ್ಣುಮಗಳು. ಪ್ಯಾಕಿಂಗ್ ವಿಭಾಗದಲ್ಲಿ ಚೆಲ್ಲಿದ ಸಿಮೆಂಟ್ ಗುಡಿಸಿ ತುಂಬುವ ಕೆಲಸ. ಹನ್ನೆರಡು ವರ್ಷದಿಂದ ಬದಲಿಯೇ. ಎರಡು ದಿನದ ಹಾಜರಿ ನುಂಗಿದ್ದಕ್ಕೆ ಒಮ್ಮೆ ಗುತ್ತೇದಾರನನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡಿದ್ದಳು. ಅಂದಿನಿಂದ ಅವನಿಗೆ ಆಕೆಯ ಹೆಸರೆತ್ತಿದರೆ ಆಗದು. ಮನೆಯಲ್ಲಿ ಗಂಡನಿಗೆ ಬಿಡದ ಕೆಮ್ಮು. ಪರ್ಮನೆಂಟ್ ಆದರೆ ಫ್ಯಾಕ್ಟರಿ ದವಾಖಾನೆಯ ಕಾರ್ಡು ಸಿಗುತ್ತದೆ, ಅವನಿಗೆ ಔಷಧಿ ಸಿಗುತ್ತದೆ. ದಿನಾ ಶಿಫ್ಟ್ ಮುಗಿಸಿ ನಮ್ಮ ಕಿಟಕಿಗೆ ಬಂದು ನಿಲ್ಲುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಗದರಿಯಾದರೂ ಕಳಿಸಬಹುದಿತ್ತು.

ಯಂತ್ರಕ್ಕೆ ನಾವು ಮಾಡದ ಉಪಚಾರವಿಲ್ಲ. ಆರಿಸಿ ಹಚ್ಚಿದೆವು. ಎಸಿ ಇನ್ನಷ್ಟು ತಂಪು ಮಾಡಿ ನಾವು ನಡುಗಿದೆವು. ವೋಲ್ಟೇಜ್ ಸರಿಯಿಲ್ಲ ಅಂತ ಬೇರೆ ಸ್ಟೆಬಿಲೈಜರ್ ತಂದೆವು. ಜವಾನ ಒಂದು ನಿಂಬೆಹಣ್ಣನ್ನೂ ಕಟ್ಟಿದ. ಕೊನೆಗೆ ಹೈದರಾಬಾದಿನಿಂದ ಇಂಜಿನಿಯರ್ ಬಂದ. ಸಿಮೆಂಟ್ ಧೂಳು ಹೊಕ್ಕಿದೆ ಅಂತ ಬಿಚ್ಚಿ, ಬ್ರಶ್ಶಿನಿಂದ ಝಾಡಿಸಿ, ಮತ್ತೆ ಮುಚ್ಚಿದ. ಮೆಮರಿ ಸಾಲದು, ತರಿಸಲು ತಿಂಗಳು ಬೇಕು ಅಂದು ಸಂಜೆ ರೈಲು ಹತ್ತಿದ. ನಾನು ತುಂಬಿದ ಹಾಳೆಯನ್ನು ಅವನು ನೋಡಲಿಲ್ಲ. ನಾನೂ ತೋರಿಸಲಿಲ್ಲ. (ನನ್ನ ಕೆಲಸದಲ್ಲಿ ತಪ್ಪೇ? ಛೆ, ಎಲ್ಲಾದರೂ ಉಂಟೆ?)

ಗುರುವಾರ ಮಧ್ಯಾಹ್ನ ಚಿತ್ತಾಪುರದಿಂದ ದಸ್ತಗೀರ್ ಸಾಹೇಬರು ಬಂದರು. ನನಗೆ ಈ ಕೆಲಸ ಕಲಿಸಿದ ಹಿರಿಯ ಗುಮಾಸ್ತರು. ರಿಟೈರ್ ಆಗಿ ಆರು ವರ್ಷವಾಯಿತು. ಹಳೆಯ ಎರಡು ಮಸ್ಟರ್ ನೀರು ತಾಗಿ ಮಸುಕಾಗಿದ್ದವು. ಬರೆದವರೇ ಓದಲಿ ಅಂತ ನಾನೇ ಹೇಳಿಕಳಿಸಿದ್ದೆ. ನಾಗಮ್ಮನ ಮೊದಲ ಎರಡು ವರ್ಷ ಅವುಗಳಲ್ಲೇ ಇತ್ತು.

ಸಾಹೇಬರು ಒಂದು ತಿಂಗಳ ಹಾಜರಿ ಓದುವುದು, ನಾನು ಒತ್ತುವುದು, ಇಬ್ಬರೂ ಕೈಕಟ್ಟಿ ಕೂರುವುದು. ಮೂರನೆಯ ತಿಂಗಳಿಗೆ ಅವರ ತಾಳ್ಮೆ ಮುಗಿಯಿತು.

"ಈಗೇನು ಮಾಡ್ಲಿಕತ್ತದ ಇದು?"

"ಎಣಸ್ಲಿಕತ್ತದರಿ."

"ಯಾರನ್ನ?"

ತೋರಿಸಿಬಿಡೋಣ ಅಂತ, 'ವೇಟ್' ಹೋದ ಮೇಲೆ ಹಾಳೆಯ ಕೆಳಕ್ಕೆ ಇಳಿದೆ. ಹೆಸರುಗಳು ಮುಗಿದವು. ಹಾಳೆ ಮುಗಿಯಲಿಲ್ಲ. ಹೆಸರಿಲ್ಲದ ಸಾಲುಗಳು, ಮನೆ ಮನೆಗೂ ಒಂದು ಅಡ್ಡಗೆರೆ, ತುದಿಯಲ್ಲಿ ಸೊನ್ನೆ ಮೊತ್ತ. ಮತ್ತೊಂದು ಪರದೆ. ಮಗದೊಂದು. ಸಾಹೇಬರು ಕನ್ನಡಕ ಏರಿಸಿಕೊಂಡರು.

"ಇಲ್ಲಿ ಯಾರದಾರ, ಶರಣಪ್ಪ?"

"ಯಾರೂ ಇಲ್ರಿ."

"ಮತ್ತ ಗೆರಿ ಯಾಕ ಹೊಡದಿ?"

ನೀವೇ ಕಲಿಸಿದ್ದಲ್ಲವೇ ಅಂದೆ. ಸುಳ್ಳಲ್ಲ. ಮಸ್ಟರಿನಲ್ಲಿ ಖಾಲಿ ಮನೆ ಬಿಡಬಾರದು, ಗೆರೆ ಹೊಡೆದು ಮುಚ್ಚಬೇಕು, ಇಲ್ಲದಿದ್ದರೆ ಆಮೇಲೆ ಯಾರೋ ಬಂದು ಕಳ್ಳ ಹಾಜರಿ ತುರುಕುತ್ತಾರೆ. ಸೇರಿದ ಹೊಸದರಲ್ಲಿ ಒಂದು ಮನೆ ಬಿಟ್ಟಿದ್ದಕ್ಕೆ ಇದೇ ಸಾಹೇಬರು ನನಗೆ ಇಡೀ ಪುಟ ಮತ್ತೆ ಬರೆಸಿದ್ದರು. ಆ ಭಯ ಹೋದೀತೇ? ಕಂಪ್ಯೂಟರಿನಲ್ಲೂ ಕಣ್ಣಿಗೆ ಕಂಡ ಖಾಲಿ ಮನೆಗಳಿಗೆಲ್ಲ ಗೆರೆ ತುಂಬಿದ್ದೆ. ಮುಂದೆ ಬರಬಹುದಾದ ಹೆಸರುಗಳಿಗೆ ಇರಲಿ ಅಂತ ಮೊತ್ತದ ಸೂತ್ರವನ್ನೂ ಕೆಳಗಿನವರೆಗೆ ಎಳೆದಿದ್ದೆ. ಜನರಿದ್ದ ಸಾಲಿಗಿಂತ ಜನರಿಲ್ಲದ ಸಾಲೇ ಹೆಚ್ಚು. ನಾನು ಒಂದು ಅಂಕಿ ಒತ್ತಿದಾಗಲೆಲ್ಲ ಯಂತ್ರ ಮೊದಲಿನಿಂದ ಎಲ್ಲರನ್ನೂ ಕೂಡಿಸುತ್ತಿತ್ತು, ಇದ್ದವರನ್ನೂ, ಇಲ್ಲದವರನ್ನೂ.

ಸಾಹೇಬರು ನಗಲಿಲ್ಲ. ನಕ್ಕಿದ್ದರೆ ನನ್ನ ಮಾನ ಪೂರ್ತಿ ಹೋಗುತ್ತಿತ್ತು.

"ಆ ಗೆರಿ ಮನಷ್ಯಾರ ಸಲುವಾಗಿ ಹೊಡೀತಿದ್ದೆ, ತಮ್ಮಾ. ಗುತ್ತೇದಾರ ಬಂದು ಇಲ್ಲೊಂದು ಹಾಜರಿ ಹಾಕ್ರಿ ಅಂದ್ರ, ಜಾಗಾ ಇಲ್ಲ ಅಂತ ತೋರ್ಸಬೇಕಲ್ಲ. ಈ ಮಷೀನ್ ಪಾಪ ಭಾಳ ದಣದದ. ಇಲ್ಲದವ್ರನ್ನ ಬಿಡು, ಇದ್ದವ್ರನ್ನ ಎಣಸ್ಲಿ."

ಅಳಿಸುವುದು ಸುಲಭವೇ? ಒಂದು ಸಾಲು ತಪ್ಪಿದರೆ ಯಾರದೋ ಹನ್ನೆರಡು ವರ್ಷ ಹೋಗುತ್ತದೆ. ಮೊದಲು ಎಲ್ಲವನ್ನೂ ಬೇರೆ ಫ್ಲಾಪಿಗೆ ನಕಲು ಮಾಡಿಕೊಂಡೆ. ಸಾಹೇಬರು ಕೊನೆಯ ಹೆಸರಿನ ಕೆಳಗೆ ಗಾಜಿನ ಮೇಲೆ ಬೆರಳಿಟ್ಟು, ಇಲ್ಲಿಂದ ಕೆಳಗೆ ಅಂದರು. ಗೆರೆಗಳನ್ನೂ ಸೂತ್ರಗಳನ್ನೂ ಅಳಿಸಿದೆ. ಉಳಿಸಿ, ಮುಚ್ಚಿ, ಮತ್ತೆ ತೆರೆದೆ. ಮುಂದಿನ ತಿಂಗಳ ಹಾಜರಿ ಒತ್ತಿದೆ. ಬೆರಳು ಎತ್ತುವಷ್ಟರಲ್ಲಿ ಮೊತ್ತ ಬಂದಿತ್ತು.

ನನಗೆ ನಾಚಿಕೆಯೂ ಆಯಿತು, ಕುಣಿಯುವಷ್ಟು ಖುಷಿಯೂ ಆಯಿತು. ಸಾಹೇಬರು ಮಾತ್ರ ಆಗಲೇ ಮುಂದಿನ ಪುಟ ತಿರುವಿದ್ದರು. ಸಂಜೆಯ ಹೊತ್ತಿಗೆ ಎರಡೂ ಮಸ್ಟರ್ ಮುಗಿದವು. ಮಸುಕಾದ ಪುಟದಲ್ಲೂ ಅವರು ಒಂದೇ ಒಂದು ಕಡೆ ತಡವರಿಸಲಿಲ್ಲ. ತಿದ್ದಿದ ಗುರುತು ಎಲ್ಲೂ ಇರಲಿಲ್ಲ. ಅಂಥ ಅಕ್ಷರ.

ಶನಿವಾರ ಪಟ್ಟಿ ಹೋಯಿತು, ಪಾಸಾಯಿತು. ನಾಗಮ್ಮನ ಹೆಸರು ಕೆಳಗಿನಿಂದ ನಾಲ್ಕನೆಯದು. ಆ ಮೊದಲ ಎರಡು ವರ್ಷ ಸೇರದಿದ್ದರೆ ಇರುತ್ತಿರಲಿಲ್ಲ. ಭಾವಮೈದುನನಿಗೆ ದಿನಗಳೇ ಸಾಲಲಿಲ್ಲ. ಮ್ಯಾನೇಜರ್ ಕಂಪ್ಯೂಟರಿಗೆ ಹಾರ ಹಾಕಿಸಿ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು. (ನಾನೂ ನಿಂತೆ. ಹಿಂದಿನ ಸಾಲಿನಲ್ಲಿ.)

ಅಂದು ಕಿಟಕಿಗೆ ಬಂದ ನಾಗಮ್ಮನಿಗೆ ಹೆಸರು ಬಂದಿದೆ ಅಂದೆ. ಸೆರಗಿನಿಂದ ಮುಖ ಒರೆಸಿಕೊಂಡಳು. ಮಷೀನೇ ಎಣಿಸಿಕೊಟ್ಟಿದೆ, ಇನ್ನು ಯಾರೂ ತೆಗೆಯಲಾರರು ಅಂತ ನಾನು ದೊಡ್ಡದಾಗಿ ಹೇಳಿದೆ.

"ಮಷೀನ್ ಈಗ ಬಂದದ್ರಿ," ಅಂದಳು. "ನಾ ಮೊದಲ್ನೇ ದಿನ ಬಂದಾಗ ನನ್ನ ಹೆಸರ ಬರದವ್ರು ಯಾರ್ರಿ?"

ಹೇಳಿದೆ. ಮನೆ ಎಲ್ಲಿ ಅಂತ ಕೇಳಿದಳು. ಅದನ್ನೂ ಹೇಳಿದೆ.

ಭಾನುವಾರ ಬೆಳಿಗ್ಗೆ ಗಂಡನನ್ನೂ ಕರೆದುಕೊಂಡು, ರೊಟ್ಟಿ ಬುತ್ತಿ ಕಟ್ಟಿಕೊಂಡು, ಆಕೆ ಚಿತ್ತಾಪುರದ ರೈಲು ಹತ್ತಿದಳಂತೆ. ಸೋಮವಾರ ಕೇಳಿ ನನಗೆ ಊಟ ಸೇರಲಿಲ್ಲ. ಗುರುವಾರ ನಾನು ಸಾಹೇಬರನ್ನು ಗೇಟಿನವರೆಗೆ ಮಾತ್ರ ಬಿಟ್ಟು ಬಂದಿದ್ದೆ, ಕೆಲಸವಿದೆ ಅಂತ. ಸಾಹೇಬರೇ, ನನ್ನ ಅನ್ನಕ್ಕೂ ಅಕ್ಷರಕ್ಕೂ ನೀವೇ ಕಾರಣ. ಇದನ್ನು ಇಷ್ಟು ತಡವಾಗಿ, ಅದೂ ಪೇಪರಿನಲ್ಲಿ ಹೇಳುತ್ತಿದ್ದೇನೆ, ಕ್ಷಮಿಸಿ.

ವಾಡಿಯಿಂದ ಚಿತ್ತಾಪುರಕ್ಕೆ ಎಷ್ಟು ಮಹಾ ದೂರವಿತ್ತು, ಆರು ವರ್ಷ ನನಗೆ ಒಂದು ಭಾನುವಾರ ಸಿಗಲಿಲ್ಲವೇ?